ಪೋಲೆಂಡ್ ಒಮ್ಮೆಲೇ ಬೆಲೆ ಬಿಟ್ಟಿದ್ದು ಸರಿನಾ?

ಪ್ರಶ್ನೆ (ಬಾಗಲಕೋಟೆ): ಎಂ.ಎ. ಪರೀಕ್ಷೆಗೆ ಓದ್ತಾ ಇದ್ದೇನೆ. 1989ರ ಜೂನ್ 4ರ ಚುನಾವಣೆಯಲ್ಲಿ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ನಿಂತ ಕಾರ್ಮಿಕ ಸಂಘಟನೆ ಸಾಲಿಡಾರಿಟಿ ಗೆದ್ದಿತು. 1990ರ ಜನವರಿ 1ರಿಂದ ಹಣಕಾಸು ಮಂತ್ರಿ ಬಾಲ್ಸೆರೊವಿಚ್ ಅವರ ಆರ್ಥಿಕ ಸುಧಾರಣಾ ಯೋಜನೆ ಬಂದು, ಹೆಚ್ಚಿನ ಸಾಮಾನುಗಳ ಬೆಲೆ ಮೇಲೆ ಸರ್ಕಾರದ ಹಿಡಿತವೇ ಹೋಯಿತು. ನಿಧಾನಕ್ಕೆ ಮಾಡಬಹುದಿತ್ತಲ್ವಾ?

ಉತ್ತರ (ವಿಜಯಪುರ): ತಮ್ಮಾ, ಅಂಗಡಿಯಲ್ಲಿ ಸಾಮಾನೇ ಇಲ್ಲದಾಗ ಬೆಲೆ ಕಡಿಮೆ ಇದ್ದು ಏನು ಬಂತು? ಮಾಂಸಕ್ಕೆ 1981ರಿಂದ 1989ರವರೆಗೆ ರೇಷನ್ ಕಾರ್ಡ್ ಇತ್ತು. ಬೆಲೆ ಬಿಟ್ಟ ಮೇಲೆ ಜನ ಮಡಚುವ ಮಂಚಗಳನ್ನು ರಸ್ತೆ ಪಕ್ಕ ಹಾಕಿ, ಅದರ ಮೇಲೇ ಬಟ್ಟೆ, ಸಾಬೂನು, ಹಣ್ಣು ಹರಡಿ ಮಾರಿದರು, ನಮ್ಮ ಸಂತೆಯಲ್ಲಿ ತಾಡಪತ್ರಿ ಹಾಸಿದ ಹಾಗೆ. ನನಗೆ ಅದು ಸರಿಯಾದ ಹೆಜ್ಜೆಯೇ.

ಉತ್ತರ (ಗೋಕಾಕ): ಸರ್, ಪೆಟ್ಟು ಬಿದ್ದವರನ್ನೂ ನೋಡಿ. ಅಲ್ಲಿ ಹೆಚ್ಚಿನ ಹೊಲ ಮೊದಲಿನಿಂದಲೂ ರೈತರ ಕೈಯಲ್ಲೇ ಇತ್ತು. ಆದರೆ ಉತ್ತರ, ಪಶ್ಚಿಮ ಭಾಗದ ಸರ್ಕಾರಿ ಕೃಷಿ ಫಾರ್ಮ್‌ಗಳು ಮುಚ್ಚಿದಾಗ ಕೂಲಿಯವರಿಗೆ ಮನೆ ಉಳಿಯಿತು, ಕೆಲಸ ಹೋಯಿತು. ನಮ್ಮ ಅಪ್ಪ ದುಡಿಯುತ್ತಿದ್ದ ಮಿಲ್ ನಿಂತಾಗ ಅವರು ಆರು ತಿಂಗಳು ಬೆಳಿಗ್ಗೆ ಡಬ್ಬಿ ತೊಳೆದಿಟ್ಟು ಸುಮ್ನೆ ಕೂರುತ್ತಿದ್ದರು. ಆ ಕೂಲಿಯವರ ಬಗ್ಗೆ ಓದುವಾಗ ನನಗೆ ಅದೇ ನೆನಪಾಗುತ್ತದೆ.

ಪ್ರಶ್ನೆ ಕೇಳಿದವರು: ಅಣ್ಣಾ, ಇದು ನನ್ನ ಪುಸ್ತಕದಲ್ಲಿ ಇರಲೇ ಇಲ್ಲ. 1995ರಲ್ಲಿ 10,000 ಹಳೆ ಝ್ಲೋಟಿಗೆ (ಪೋಲೆಂಡಿನ ಹಣ) ಒಂದು ಹೊಸ ಝ್ಲೋಟಿ ಮಾಡಿದ್ದು ಮಾತ್ರ ಇದೆ. ಈ ಫಾರ್ಮ್‌ಗಳ ಬಗ್ಗೆ ಇವತ್ತೇ ಹುಡುಕಿ ಓದುತ್ತೇನೆ.