ಪ್ಯಾರಟ್‌ಲೆಟ್ ತಂದು ಹತ್ತು ದಿನ, ಕೈ ಹಾಕಿದರೆ ಕಚ್ಚುತ್ತಿದೆ. ಸಾಕಿದವರು ಹೇಳಿ

ಮಗಳಿಗೆ ಅಂತ ಪೆಸಿಫಿಕ್ ಪ್ಯಾರಟ್‌ಲೆಟ್ ಅನ್ನೋ ಪುಟ್ಟ ಗಿಣಿ ತಂದೆವು. ಇರೋದು ಗುಬ್ಬಚ್ಚಿಯಷ್ಟು, ಆದರೆ ಪಂಜರಕ್ಕೆ ಕೈ ಹಾಕಿದರೆ ರಕ್ತ ಬರುವ ಹಾಗೆ ಕಚ್ಚುತ್ತದೆ. ಮಗಳು ಹತ್ತಿರ ಹೋಗೋಕೇ ಹೆದರುತ್ತಾಳೆ. ಏನು ಮಾಡಲಿ?

—

ಅಕ್ಕಾ, ನನ್ನ ಹತ್ತಿರ ಒಂದು ಗಂಡು ಆರು ವರ್ಷದಿಂದ ಇದೆ. ಮೊದಲ ತಿಂಗಳು ನನ್ನ ಬೆರಳಿಗೂ ಇದೇ ಗತಿ. ಪಂಜರ ಅಂದರೆ ಅದರ ಮನೆ, ಒಳಗೆ ಬರುವ ಕೈ ಅದಕ್ಕೆ ಕಳ್ಳನ ಕೈ. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಪಂಜರದ ಬಾಗಿಲು ತೆರೆದಿಡಿ. ಅದಾಗೇ ಹೊರಗೆ ಬರಲಿ. ನಾನು ನವಣೆ ತೆನೆ ಹಿಡಿದು ಸುಮ್ನೆ ಕೂರುತ್ತಿದ್ದೆ. ಮೊದಲು ತೆನೆಯ ತುದಿ ಕಿತ್ತುಕೊಂಡು ಓಡುತ್ತಿತ್ತು. ಆಮೇಲೆ ಒಂದು ದಿನ ಬೆರಳ ಮೇಲೆ ಒಂದೇ ಕಾಲಿಟ್ಟು, ಇನ್ನೊಂದನ್ನು ಕೋಲಿನ ಮೇಲೇ ಇಟ್ಟುಕೊಂಡು ತಿಂದಿತು. ಕಣ್ಣಿನ ಪಾಪೆ ಚಿಕ್ಕದು ದೊಡ್ಡದು ಆಗುತ್ತಿದ್ದರೆ ಕೈ ತೆಗೆದುಬಿಡಿ, ಕಚ್ಚೋದು ಅದರ ಮರುಕ್ಷಣವೇ. ಕಚ್ಚಿದಾಗ ಕಿರುಚಬೇಡಿ.

ಹೆಸರಿಟ್ಟು ಕರೆಯುತ್ತಾ ಇರಿ. ವೆನೆಜುವೆಲಾದಲ್ಲಿ ಇದರದೇ ಕುಲದ ಗ್ರೀನ್-ರಂಪ್ಡ್ ಪ್ಯಾರಟ್‌ಲೆಟ್‌ಗಳು ಮರಿಗಳಿಗೆ ಗೂಡಿನಲ್ಲೇ ಹೆಸರಿನಂಥ ಒಂದೊಂದು ಕೂಗು ಕಲಿಸುತ್ತವೆ ಅಂತ 2011ರ ಒಂದು ಅಧ್ಯಯನ ತೋರಿಸಿತು. ಮೊಟ್ಟೆ ಅದಲುಬದಲು ಮಾಡಿದಾಗಲೂ ಮರಿಗಳ ಕೂಗು ಸಾಕಿದ ಹಕ್ಕಿಗಳ ಕೂಗನ್ನೇ ಹೋಲುತ್ತಿತ್ತು. ಸಾಕಿದವರ ದನಿಗೆ ಅಷ್ಟು ಬೆಲೆ ಅಲ್ವಾ!

—

ನಾನ್‌ಸ್ಟಿಕ್ ಕಾವಲಿ ಇದ್ದರೆ ಇವತ್ತೇ ತೆಗೆಯಿರಿ, ಅತಿಯಾಗಿ ಕಾದರೆ ಅದರ ಹೊಗೆ ಹಕ್ಕಿಗೆ ವಿಷ. ನಮ್ಮ ಮನೆಯಲ್ಲಿ ಖಾಲಿ ಕಾವಲಿ ಒಲೆ ಮೇಲೆ ಮರೆತುಹೋಗಿತ್ತು. ಪಕ್ಕದ ಕೋಣೆಯಲ್ಲಿದ್ದ ಹಕ್ಕಿ ಅರ್ಧ ಗಂಟೆಯಲ್ಲಿ ಹೋಯಿತು. ನಮಗೆ ಏನೂ ಆಗಲಿಲ್ಲ. ಈಗ ದೋಸೆ ಕಬ್ಬಿಣದ ಕಾವಲಿಯಲ್ಲೇ. ಬೆಣ್ಣೆ ಹಣ್ಣು, ಚಾಕೊಲೇಟ್ ಕೂಡ ವಿಷ.

—

ವಾರಕ್ಕೆರಡು ಸಲ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಇದರ ತೂಕವೇ ಸುಮಾರು 30 ಗ್ರಾಂ. 3 ಗ್ರಾಂ ಇಳಿದರೆ ಹತ್ತರಲ್ಲೊಂದು ಪಾಲು ಹೋದ ಹಾಗೆ. ಹುಷಾರಿಲ್ಲದ್ದನ್ನು ಹಕ್ಕಿಗಳು ಕೊನೆವರೆಗೂ ಮುಚ್ಚಿಡುತ್ತವೆ. ಬರೀ ಸೂರ್ಯಕಾಂತಿ ಬೀಜ ಹಾಕಬೇಡಿ, ಕೊಬ್ಬು ಜಾಸ್ತಿ. ನಮ್ಮದು ಮೊಳಕೆ ಹೆಸರುಕಾಳು, ನುಗ್ಗೆಸೊಪ್ಪು ಚೆನ್ನಾಗಿ ತಿನ್ನುತ್ತದೆ.

—

ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಹಕ್ಕಿಯ ನೋಂದಣಿ ಮಾಡಿಸಿದ್ದೀರಾ? ಇದು ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯ ಹಕ್ಕಿ, 2024ರ ನಿಯಮದಂತೆ ಕಡ್ಡಾಯ. ಮಾರಿದವರ ಹತ್ತಿರ ಕಾಗದಪತ್ರ ಕೇಳಿ.

—

ಎಲ್ಲರಿಗೂ ಥ್ಯಾಂಕ್ಸ್. ಕಾವಲಿ ಅಟ್ಟಕ್ಕೆ ಹೋಯಿತು. ಸಂಜೆ ಮಗಳು ತೆನೆ ಹಿಡಿದು ಕೂತಳು. ಒಂದು ಗೇಣು ದೂರದವರೆಗೂ ಬಂತು, ನಿಂತು ನೋಡಿತು, ವಾಪಸ್ ಹೋಯಿತು. ನಾಳೆ ಅದೇ ಹೊತ್ತಿಗೆ ಕೂರಬೇಕಾ, ಬೆಳಿಗ್ಗೆ ಒಳ್ಳೆಯದಾ?