ಕಟೌಟ್ ಇರುವ ಕಾಂಪೋಸಿಟ್ ಪ್ಲೇಟ್, ಥರ್ಮಲ್ ಬಕ್ಲಿಂಗ್: ಟೆಸ್ಟ್ ಮಾಡಿದವರು ಹೇಳಿ

ಎಂ.ಟೆಕ್ ಬಡಪಾಯಿ: ಗ್ಲಾಸ್-ಎಪಾಕ್ಸಿ (ಗಾಜಿನ ನಾರು, ಅಂಟುರಾಳದ ಪದರ) ಪ್ಲೇಟ್, ನಡುವೆ ಚೌಕ ಕಟೌಟ್ ಅಂದರೆ ತೂತು, ನಾಲ್ಕೂ ಅಂಚು ಕ್ಲ್ಯಾಂಪ್. ಬಿಸಿಗೆ ಹಿಗ್ಗಲು ಜಾಗವಿಲ್ಲದೆ ಯಾವಾಗ ಬಾಗುತ್ತದೆ ಅಂತ ತಿಳಿಯಲು ಕಂಪ್ಯೂಟರ್ ಅನಾಲಿಸಿಸ್ ಒಂದೇ ಸಾಕಾ, ಟೆಸ್ಟೂ ಬೇಕಾ? ಅನುಭವ ಹೇಳಿ.

ಸುಟ್ಟಕೈ: ನನ್ನದು ಕಾರ್ಬನ್ ನಾರಿನ ಪ್ಲೇಟ್. 300 ಮಿ.ಮೀ. ಚೌಕ, 2 ಮಿ.ಮೀ. ದಪ್ಪ. ಉಕ್ಕಿನ ಫ್ರೇಮಿಗೆ 24 ಬೋಲ್ಟ್ ಬಿಗಿದು ಫ್ರೇಮ್ ಸಮೇತ ಓವನ್ನಿಗೆ ಇಟ್ಟೆ. 60 ಡಿಗ್ರಿ ಏರಿದರೆ ಬಾಗುತ್ತದೆ ಅಂತ ಸಾಫ್ಟ್‌ವೇರ್ ಹೇಳಿತ್ತು. 110 ದಾಟಿದರೂ ಬಾಗು ಅಳೆಯುವ ಡಯಲ್ ಗೇಜ್ ಮುಳ್ಳು ಅಲುಗಲಿಲ್ಲ. ಮೂರು ದಿನ ಗೇಜನ್ನೇ ಬೈದೆ. ಆಮೇಲೆ ಹೊಳೆಯಿತು. ಉಕ್ಕು ಡಿಗ್ರಿಗೆ, ಮೀಟರಿಗೆ 12 ಮೈಕ್ರಾನ್ ಹಿಗ್ಗುತ್ತದೆ, ನನ್ನ ಲೇಅಪ್ (ನಾರಿನ ಪದರ ಜೋಡಣೆ) 3ರ ಆಸುಪಾಸು. ಫ್ರೇಮೇ ಪ್ಲೇಟನ್ನು ಎಳೀತಾ ಇತ್ತು, ಬಾಗೋದೆಲ್ಲಿಂದ ಬಂತು? ಫ್ರೇಮ್ ತಣ್ಣಗಿಡಲು ನೀರಿನ ದಾರಿ ಕೊರೆಸಿದೆ, 14,500 ರೂಪಾಯಿ. ಲೀಕಾಯಿತು, ಮತ್ತೆ 2,200.

ಮೆಶ್ ಭಟ್ಟ: ಅದಕ್ಕೇ ನಾನು ಟೆಸ್ಟಿನ ಗೋಜಿಗೇ ಹೋಗಲಿಲ್ಲ. ಸಾಫ್ಟ್‌ವೇರಿಗೆ 1 ಡಿಗ್ರಿ ಬಿಸಿಯನ್ನೇ ಲೋಡ್ ಅಂತ ಕೊಟ್ಟರೆ, ಅದರ ಎಷ್ಟು ಪಟ್ಟಿಗೆ ಬಾಗುತ್ತದೆ ಅನ್ನೋ ಐಗನ್‌ವ್ಯಾಲ್ಯೂನೇ ಉತ್ತರ. ಆದರೆ ಕ್ಲ್ಯಾಂಪ್ ಮಾಡಿದ ಪ್ಲೇಟಿನಲ್ಲಿ ರಂಧ್ರ ದೊಡ್ಡದು ಮಾಡಿದಷ್ಟೂ ಆ ಅಂಕಿ ಏರಿತು! ವೈವಾದಲ್ಲಿ "ತೂತು ಬಿದ್ದರೆ ಗಟ್ಟಿಯಾಗುತ್ತದೇನ್ರೀ?" ಅಂತ ನಕ್ಕರು. ಬಿಗಿತನ ಕಡಿಮೆಯಾಗುತ್ತೆ ನಿಜ, ಹಿಗ್ಗಲು ಜಾಗ ಸಿಕ್ಕಿ ಒತ್ತಡ ಅದಕ್ಕಿಂತ ಜಾಸ್ತಿ ಇಳಿಯುತ್ತೆ. ಮೆಶ್ (ಲೆಕ್ಕಕ್ಕೆ ಪ್ಲೇಟನ್ನು ಸಣ್ಣ ತುಂಡು ಮಾಡುವ ಜಾಲ) 4 ಸಲ ಬದಲಿಸಿ, 5 ವಾರ ಕಳೆದು ಒಪ್ಪಿಸಿದೆ.

ಸುಟ್ಟಕೈ: ಆ ಅಂಕಿ ಚಪ್ಪಟೆ ಪ್ಲೇಟಿಗೆ, ಸ್ವಾಮಿ. ನಿಜವಾದ ಪ್ಲೇಟ್ ಅಚ್ಚಿನಿಂದ ಬರುವಾಗಲೇ ಹಪ್ಪಳದ ಹಾಗೆ ಸೊಟ್ಟಗಿರುತ್ತದೆ. ಮೊದಲ ಡಿಗ್ರಿಯಿಂದಲೇ ನಿಧಾನಕ್ಕೆ ಬಾಗುತ್ತದೆ. ಠಕ್ಕಂತ ಬಾಗೋದು ನಿಮ್ಮ ಪರದೆ ಮೇಲೆ ಮಾತ್ರ.

ಮೆಶ್ ಭಟ್ಟ: ಅದಕ್ಕೇ ಆ ಸೊಟ್ಟವನ್ನೇ ಇಂಪರ್ಫೆಕ್ಷನ್ ಅಂತ ಹಾಕಿ, ಬಾಗಿದಂತೆಲ್ಲ ಹೊಸದಾಗಿ ಲೆಕ್ಕ ಹಾಕುವ ನಾನ್‌ಲೀನಿಯರ್ ಓಡಿಸೋದು. ಗೊತ್ತಿಲ್ಲದಿದ್ರೆ ಕೇಳಿ, ಸುಮ್ನೆ ಹಂಗಿಸಬೇಡಿ.

ಪೀಣ್ಯ ಪಯಣಿಗ: ತೂತು ಕೊರೆಯೋದು ಹೇಗೆ ಅಂತ ಇಬ್ಬರೂ ಹೇಳಲಿಲ್ಲ. ನಾನು ರಭಸದ ನೀರಿನಿಂದ ಕತ್ತರಿಸುವ ವಾಟರ್‌ಜೆಟ್‌ಗೆ ಕೊಟ್ಟೆ, ಪ್ಲೇಟಿಗೆ 1,800. ಜೆಟ್ ನೇರ ನಡುವಿಗೇ ಹೊಡೆದು ಪದರ ಬಿಟ್ಟುಕೊಂಡು ಬೋರೆಹಣ್ಣಿನಷ್ಟು ಗುಳ್ಳೆ ಎದ್ದಿತು. 6,500ರ ಪ್ಲೇಟು, ಮೂರು ಕಸಕ್ಕೆ. ಮೊದಲು ಸಣ್ಣ ಡ್ರಿಲ್ ತೂತು ಹಾಕಿ ಅಲ್ಲಿಂದ ಜೆಟ್ ಶುರು ಮಾಡಿಸಬೇಕಿತ್ತು.

ಸುಟ್ಟಕೈ: ಪ್ಲೇಟಿನ ಹಿಂದೆ ಪ್ಲೈವುಡ್ ಕೊಟ್ಟು ಡ್ರಿಲ್ ಮಾಡಿ. 40 ರೂಪಾಯಿಯಲ್ಲಿ ಮುಗೀತು.

ಪೀಣ್ಯ ಪಯಣಿಗ: ಅವರು ಕೇಳಿರೋದು ಚೌಕ. ಡ್ರಿಲ್ಲಲ್ಲಿ ಚೌಕ ಕೊರೆದು ತೋರಿಸಿ, ಬಿರಿಯಾನಿ ನಂದು.

ದಾರಿಹೋಕ: ಕಟೌಟ್ ಅಂತ ನೋಡಿ ಹಾಲಿನ ಅಭಿಷೇಕ ಅಂದ್ಕೊಂಡು ಬಂದೆ.

ಎಂ.ಟೆಕ್ ಬಡಪಾಯಿ: ನನ್ನದು ಗ್ಲಾಸ್ ಅಂದೆನಲ್ಲಾ ಸಾರ್…

ಸುಟ್ಟಕೈ: ಗ್ಲಾಸಾದರೆ ಉಕ್ಕಿನ ಜೊತೆ ಹೆಚ್ಚುಕಮ್ಮಿ ಸಮಸಮ ಹಿಗ್ಗುತ್ತದೆ. ಫ್ರೇಮ್ ಬಿಸಿಯಾದರೆ ಬಾಗೋದು ಕಷ್ಟ. ಇನ್ನೂ ಜಾಸ್ತಿ ಹಿಗ್ಗುವ ಅಲ್ಯೂಮಿನಿಯಂ ಫ್ರೇಮ್ ಅಂತೂ ಮುಟ್ಟಲೇಬೇಡಿ. ನೀರಿನ ಪೈಪ್ ನನ್ನ ಹತ್ರ ಇನ್ನೂ ಇದೆ, ಬೇಕಿದ್ದರೆ ಅರ್ಧ ಬೆಲೆಗೆ ಕೊಡ್ತೀನಿ.