ಪದಚರ್ಚೆ: ‘ಜಲಸಂಕೇತ’, ‘ಗುದ್ದಲೆ’ ಸರಿಯೇ?

> ಸ್ಫೋಟ, ಡಿಕ್ಕಿಗಳಿಗೆ ವಸ್ತುಗಳು ಹೇಗೆ ವರ್ತಿಸುತ್ತವೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಕಳಿಸಬೇಕು. ‘ಹೈಡ್ರೊಕೋಡ್’ ಪದಕ್ಕೆ ‘ಜಲಸಂಕೇತ’, ‘ಶಾಕ್ ವೇವ್’ ಪದಕ್ಕೆ ‘ಗುದ್ದಲೆ’ ಅಂತ ಹಾಕಬಹುದಾ?

‘ಜಲಸಂಕೇತ’ ಬೇಡವೇ ಬೇಡ. ಅಲ್ಲಿ ನೀರೂ ಇಲ್ಲ, ಸಂಕೇತವೂ ಇಲ್ಲ.

ಹೈಡ್ರೊಕೋಡ್ ಅಂದರೆ ನೀವು ಹೇಳಿದ ಲೆಕ್ಕಗಳನ್ನು ಮಾಡುವ ಪ್ರೋಗ್ರಾಮ್. ಅದಕ್ಕೆ ಆ ಹೆಸರು ಯಾಕೆ ಬಂತು ನೋಡಿ. ಅಲ್ಯೂಮಿನಿಯಂ ಗುಂಡೊಂದು ಸೆಕೆಂಡಿಗೆ 7 ಕಿಲೋಮೀಟರ್ ವೇಗದಲ್ಲಿ ಅಲ್ಯೂಮಿನಿಯಂ ತಗಡಿಗೆ ಬಡಿಯಿತು ಅಂದುಕೊಳ್ಳಿ. ಬಡಿದ ಜಾಗದಲ್ಲಿ ಹುಟ್ಟುವ ಒತ್ತಡ ಸುಮಾರು 100 ಗಿಗಾಪ್ಯಾಸ್ಕಲ್. ಅದೇ ಲೋಹದ ಗಟ್ಟಿ ಮಿಶ್ರಲೋಹಗಳೂ ಅರ್ಧ ಗಿಗಾಪ್ಯಾಸ್ಕಲ್ ಆಸುಪಾಸಿನಲ್ಲೇ ಮಣಿದುಬಿಡುತ್ತವೆ. ಇಷ್ಟು ಒತ್ತಡದ ಮುಂದೆ ಲೋಹದ ಗಟ್ಟಿತನ ಲೆಕ್ಕಕ್ಕೇ ಬರುವುದಿಲ್ಲ, ಅದು ದ್ರವದ ಹಾಗೆ ಹರಿಯುತ್ತದೆ. ಮೊದಮೊದಲ ಪ್ರೋಗ್ರಾಮ್‌ಗಳು ಗಟ್ಟಿತನವನ್ನು ಬಿಟ್ಟು ಬರೀ ಹರಿವಿನ ಸಮೀಕರಣಗಳನ್ನು ಬಿಡಿಸುತ್ತಿದ್ದವು. ಈಗಿನವು ಗಟ್ಟಿತನ, ಬಿರುಕು ಎಲ್ಲವನ್ನೂ ಸೇರಿಸಿಕೊಂಡಿವೆ. ಹಳೇ ಹೆಸರು ಹಾಗೇ ಉಳಿದಿದೆ. ನೀವೂ ‘ಹೈಡ್ರೊಕೋಡ್’ ಅಂತಲೇ ಇಡಿ. ಮೊದಲ ಸಲ ಬಂದಾಗ ‘ಹರಿವಿನ ಲೆಕ್ಕದ ಪ್ರೋಗ್ರಾಮ್’ ಅಂತ ಬಿಡಿಸಿ ಹೇಳಿ, ಸಾಕು.

ಇನ್ನು ಶಾಕ್ ವೇವ್, ಅಂದರೆ ಸ್ಫೋಟ, ಡಿಕ್ಕಿಯಿಂದ ಹುಟ್ಟಿ ಹಬ್ಬುವ ಒತ್ತಡದ ಅಲೆ. ‘ಗುದ್ದಲೆ’ಯಲ್ಲಿ (ಗುದ್ದು + ಅಲೆ) ಲೋಪಸಂಧಿ ಸರಿಯಾಗಿದೆ. ಆದರೆ ಓದುವವರ ಕಣ್ಣಿಗೆ ಮೊದಲು ಬೀಳುವುದು ಗುದ್ದಲಿ. ಒಬ್ಬರು ಸೂಚಿಸಿದ ‘ಆಘಾತದಲೆ’ ನಾಲಿಗೆಗೆ ಹತ್ತುವುದಿಲ್ಲ, ‘ಆಘಾತ ಅಲೆ’ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆರೆಸಿದ ಸಮಾಸ. ‘ಆಘಾತ ತರಂಗ’ ಆಗಲೇ ಬಳಕೆಯಲ್ಲಿದೆ, ಅದನ್ನೇ ಬಳಸಿ. ‘ಆಘಾತ ಅಂದರೆ ಮನಸ್ಸಿಗೆ ಆಗುವ ಪೆಟ್ಟು’ ಅನ್ನುವ ಆಕ್ಷೇಪ ನನಗೆ ಒಪ್ಪಿಗೆಯಿಲ್ಲ. ಅದು ‘ಹನ್’ ಧಾತುವಿನಿಂದ ಬಂದ ಪದ. ಹೊಡೆಯುವುದೇ ಅದರ ಅರ್ಥ. ಆಘಾತಕಾರಿ ಸುದ್ದಿ ಎಲ್ಲ ಆಮೇಲಿನದು.

ನಿಮ್ಮ ಲೇಖನದಲ್ಲಿ ‘ಕೃತಕ ಸ್ನಿಗ್ಧತೆ’ಯೂ (ಆರ್ಟಿಫಿಶಿಯಲ್ ವಿಸ್ಕಾಸಿಟಿ) ಬಂದಿರಬೇಕು, ಅಲ್ವಾ? ನನಗೆ ಜಾಸ್ತಿ ಚಿಂತೆ ಇರುವುದು ಅದರದ್ದೇ. ಲೆಕ್ಕ ಹಾಕಲು ವಸ್ತುವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಹಂಚಿಕೊಳ್ಳುತ್ತಾರೆ. ಆಘಾತ ತರಂಗದ ಅಂಚು ಆ ಚೌಕಕ್ಕಿಂತ ಎಷ್ಟೋ ಪಾಲು ತೆಳು. ಹಾಗೇ ಬಿಟ್ಟರೆ ಅಂಚಿನ ಹಿಂದೆ ಒತ್ತಡದ ಅಂಕಿಗಳು ಸುಮ್ನೆ ಮೇಲೆ ಕೆಳಗೆ ಕುಣಿಯುತ್ತವೆ. ಅದಕ್ಕೇ 1950ರಲ್ಲಿ ಗಣಿತಜ್ಞರಾದ ಫಾನ್ ನಾಯ್ಮನ್ ಮತ್ತು ರಿಕ್ಟ್‌ಮೈಯರ್ ಒಂದು ದಾರಿ ತೋರಿಸಿದರು. ಇಲ್ಲದ ಜಿಗುಟನ್ನು ಬೇಕಂತಲೇ ಸಮೀಕರಣಕ್ಕೆ ಸೇರಿಸಿ, ಆ ಅಂಚನ್ನು ಮೂರ್ನಾಲ್ಕು ಚೌಕಗಳಿಗೆ ಹರಡುವುದು. ‘ಸ್ನಿಗ್ಧ’ ಅಂದರೆ ಓದುಗನಿಗೆ ನೆನಪಾಗುವುದು ಎಣ್ಣೆಯ ನುಣುಪು, ಚೆಂದದ ನಗು. ‘ಕೃತಕ ಜಿಗುಟು’ ಅಂದರೆ ಮತ್ತೆ ಅರಿಸಮಾಸದ ತಕರಾರು. ‘ಹುಸಿ ಜಿಗುಟು’ ಅನ್ನಿ. ಅಚ್ಚಗನ್ನಡ, ಅರ್ಥವೂ ಅದೇ.

‘ಕೋಡ್’ ಅಂತ ಬರೆದರೆ ಜನ ಕೊಂಬು ಅಂದುಕೊಳ್ಳುತ್ತಾರೆ, ಎರವಲು ಪದಕ್ಕೆ ವಿಭಕ್ತಿ ಹತ್ತುವುದಿಲ್ಲ ಅಂತ ವಾದಿಸುವವರಿಗೆ ಒಂದೇ ಮಾತು: ಬಸ್ಸಿಗೆ, ಕಾರಿನಲ್ಲಿ ಅಂತ ನೀವೇ ದಿನಾ ಹೇಳುತ್ತೀರಿ. ಹೈಡ್ರೊಕೋಡಿಗೆ, ಹೈಡ್ರೊಕೋಡಿನಲ್ಲಿ ಅಂತ ಧಾರಾಳವಾಗಿ ಬರೆಯಬಹುದು.